ಅಂತರ್ಜಾಲ ತಾಣದ ವಿಚಾರಣಾ ನಮೂನೆ: ಗಿರಾಕಿಯ ಪತ್ರವು ನಮ್ಮ ಕೈ ಸೇರುವ ಬಗೆ

ತಿಪಟೂರಿನ ಉಂಡೆ ಕೊಬ್ಬರಿಗೆ ಗಿರಾಕಿಗಳಿರುವುದು ಬಹುಮಟ್ಟಿಗೆ ನಮ್ಮ ರಾಜ್ಯದ ಹೊರಗೆ. ಉತ್ತರ ಭಾರತದ ಊರುಗಳಿಂದ ಬರುವ ಬೇಡಿಕೆಯನ್ನು ನೋಡಿಕೊಂಡೇ ಇಲ್ಲಿಯ ಹರಾಜಿನಲ್ಲಿ ದರ ಏರುತ್ತದೆ, ಇಳಿಯುತ್ತದೆ. ಈ ಬೇಡಿಕೆಯು ಹಿಂದೆ ಅಂಚೆ ಕಾರ್ಡು, ತಂತಿ, ಟ್ರಂಕ್ ಕಾಲ್, ಫ್ಯಾಕ್ಸ್‌ಗಳ ಮೂಲಕ ಬರುತ್ತಿತ್ತು. ಇಂದು ದೂರವಾಣಿ ಹಾಗೂ ವಾಟ್ಸ್‌ಆಪ್‌ಗಳ ಜೊತೆಗೆ ಅಂತರ್ಜಾಲ ತಾಣದ ಮೂಲಕವೂ ಬರುತ್ತಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಕೊಬ್ಬರಿ ವರ್ತಕರು, ತೆಂಗಿನ ಪುಡಿ ತಯಾರಕರು, ನಾರು ಮತ್ತು ಹಗ್ಗದ ಘಟಕಗಳವರು ತಮ್ಮದೇ ತಾಣಗಳನ್ನು ಮಾಡಿಸಿಕೊಂಡಾಗ ಅವುಗಳಲ್ಲಿ ‘ನಮ್ಮನ್ನು ಸಂಪರ್ಕಿಸಿ’ ಎಂಬ ಪುಟವೊಂದು ಇದ್ದೇ ಇರುತ್ತದೆ.

ಗಿರಾಕಿಯು ಆ ಪುಟದ ನಮೂನೆಯಲ್ಲಿ ತನ್ನ ಹೆಸರು, ಊರು, ಬೇಕಾದ ಸರಕುಗಳನ್ನು ತುಂಬಿ ಗುಂಡಿಯನ್ನು ಒತ್ತುತ್ತಾನೆ. ಕೂಡಲೇ ‘ಧನ್ಯವಾದಗಳು, ತಮ್ಮ ವಿಚಾರಣೆ ತಲುಪಿದೆ’ ಎಂಬ ವಾಕ್ಯ ಪರದೆಯ ಮೇಲೆ ಮೂಡುತ್ತದೆ. ಆದರೆ ಆ ವಾಕ್ಯ ಮೂಡಿದ ಮಾತ್ರಕ್ಕೆ ಪತ್ರವು ಮಾಲೀಕರಿಗೆ ತಲುಪಿದೆಯೆಂದು ತಿಳಿಯಲಾಗದು. ತಲುಪದೆ ಹೋದ ದೂರವಾಣಿ ಕರೆಯು ಮಿಸ್ಡ್ ಕಾಲ್ ಆಗಿಯಾದರೂ ಉಳಿಯುತ್ತದೆ. ವಿಳಾಸ ತಪ್ಪಿದ ಅಂಚೆಯು ಕಳುಹಿಸಿದವರಿಗೆ ಹಿಂದಿರುಗುತ್ತದೆ. ದಾರಿಯಲ್ಲಿ ಕಳೆದುಹೋದ ನಮೂನೆಯ ಪತ್ರಕ್ಕೆ ಮಾತ್ರ ಯಾವ ಕುರುಹೂ ಇರುವುದಿಲ್ಲ. ಮಾರುವವರಿಗೆ ಆಸಕ್ತಿ ಇಲ್ಲವೆಂದು ಗಿರಾಕಿ ಭಾವಿಸುತ್ತಾನೆ. ತಾಣದಿಂದ ವ್ಯಾಪಾರವೇ ಬರುವುದಿಲ್ಲವೆಂದು ನಾವು ಭಾವಿಸುತ್ತೇವೆ. ಈ ನಷ್ಟವು ಯಾವ ಲೆಕ್ಕದಲ್ಲಿಯೂ ಕಾಣಿಸಿಕೊಳ್ಳದು.

ಇದನ್ನು ತಪ್ಪಿಸಲು ಮಾಲೀಕರು ಪ್ರೋಗ್ರಾಮ್ ಬರೆಯಲು ಕಲಿಯಬೇಕಾಗಿಲ್ಲ. ಪತ್ರವು ಸಾಗುವ ದಾರಿಯನ್ನು ತಿಳಿದು, ತಾಣ ನಿರ್ಮಿಸುವವರಿಂದ ಸರಿಯಾದ ಕೆಲಸ ಮಾಡಿಸಿಕೊಂಡರೆ ಸಾಕು. ಈ ಲೇಖನದ ಉದ್ದೇಶ ಅಷ್ಟೇ.

೧. ಪತ್ರ ಸಾಗುವ ದಾರಿ

ನಮೂನೆಯು ಗಿರಾಕಿಯ ಗಣಕಯಂತ್ರದಲ್ಲಿ ಅಥವಾ ಮೊಬೈಲಿನಲ್ಲಿ ಕಾಣುವ ಖಾಲಿ ಅರ್ಜಿಯಷ್ಟೆ. ಅದಕ್ಕೆ ಇ-ಮೇಲ್ ಕಳುಹಿಸುವ ಶಕ್ತಿ ತಾನಾಗಿ ಇಲ್ಲ. ನಮ್ಮ ಇ-ಮೇಲ್ ವಿಳಾಸವನ್ನೇ ಪುಟದಲ್ಲಿ ಕೊಂಡಿಯಾಗಿ ಇಡುವ ಸುಲಭ ವಿಧಾನವೊಂದು ಉಂಟು. ಅದನ್ನು ಒತ್ತಿದರೆ ಗಿರಾಕಿಯ ಯಂತ್ರದಲ್ಲಿರುವ ಇ-ಮೇಲ್ ತಂತ್ರಾಂಶ ತೆರೆದುಕೊಳ್ಳಬೇಕು. ಅಂಥ ತಂತ್ರಾಂಶವಿಲ್ಲದ ಯಂತ್ರದಲ್ಲಿ ಏನೂ ಆಗುವುದಿಲ್ಲ. ಆದ್ದರಿಂದ ಪತ್ರ ಬರೆಯುವ ಕೆಲಸವನ್ನು ನಮ್ಮ ತಾಣ ನೆಲೆಸಿರುವ ಸರ್ವರ್‌ಗೇ ವಹಿಸುವುದು ರೂಢಿ.

ಸರ್ವರ್‌ನಲ್ಲಿ ಕುಳಿತು ಈ ಕೆಲಸ ಮಾಡುವ ಚಿಕ್ಕ ಪ್ರೋಗ್ರಾಮಿಗೆ ಸ್ಕ್ರಿಪ್ಟ್ ಎಂದು ಹೆಸರು. ಅದನ್ನು ಬರೆಯಲು ಹೆಚ್ಚಾಗಿ ಬಳಕೆಯಲ್ಲಿರುವ ಭಾಷೆಗಳಲ್ಲಿ ಪಿ.ಎಚ್.ಪಿ. ಒಂದು. ರಾಸ್ಮಸ್ ಲೆರ್ಡಾರ್ಫ್ ಅವರು 1995ರಲ್ಲಿ ಇದನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಿದರು. ಪುಟದಲ್ಲಿ ತುಂಬಿದ ನಮೂನೆಯನ್ನು ಓದಿಕೊಳ್ಳುವುದು ಅದರ ಆರಂಭದ ಕೆಲಸಗಳಲ್ಲಿ ಒಂದಾಗಿತ್ತು.

ಪತ್ರದ ಪ್ರಯಾಣದಲ್ಲಿ ನಾಲ್ಕು ಹಂತಗಳಿವೆ. ಮೊದಲನೆಯದಾಗಿ, ಗಿರಾಕಿಯು ತುಂಬಿದ ವಿವರಗಳು ನಮ್ಮ ಸರ್ವರ್‌ಗೆ ಬರುತ್ತವೆ. ಎರಡನೆಯದಾಗಿ, ಸ್ಕ್ರಿಪ್ಟ್ ಆ ವಿವರಗಳನ್ನು ಪರಿಶೀಲಿಸಿ ಪತ್ರದ ರೂಪಕ್ಕೆ ತರುತ್ತದೆ. ಮೂರನೆಯದಾಗಿ, ಆ ಪತ್ರವನ್ನು ಮೇಲ್ ಸರ್ವರ್ ಎಂಬ ವಿದ್ಯುನ್ಮಾನ ಅಂಚೆ ಕಚೇರಿಗೆ ಒಪ್ಪಿಸುತ್ತದೆ. ನಾಲ್ಕನೆಯದಾಗಿ, ಆ ಕಚೇರಿಯು ನಮ್ಮ ಇ-ಮೇಲ್ ಇರುವ ಜಿಮೇಲ್ ಅಥವಾ ಇನ್ನಾವುದೇ ಕಚೇರಿಗೆ ಪತ್ರವನ್ನು ಮುಟ್ಟಿಸುತ್ತದೆ. ಸ್ವೀಕರಿಸುವ ಕಚೇರಿಯು ಅದನ್ನು ಒಳಬರುವ ಪೆಟ್ಟಿಗೆಗೆ ಹಾಕಬಹುದು, ಸ್ಪಾಮ್ ಎಂಬ ಕಸದ ಪೆಟ್ಟಿಗೆಗೆ ಹಾಕಬಹುದು, ಇಲ್ಲವೇ ಬಾಗಿಲಲ್ಲಿಯೇ ತಿರಸ್ಕರಿಸಬಹುದು.

ಪಿ.ಎಚ್.ಪಿ. ಭಾಷೆಯಲ್ಲಿ ಪತ್ರ ಕಳುಹಿಸಲು ‘ಮೇಲ್’ ಎಂಬ ಸಿದ್ಧ ಆಜ್ಞೆ ಇದೆ. ಆಜ್ಞೆ ಸಫಲವಾದರೆ ‘ಸರಿ’ ಎಂಬ ಉತ್ತರ ಬರುತ್ತದೆ. ಬಹುತೇಕ ತಾಣಗಳು ಧನ್ಯವಾದ ಹೇಳುವುದು ಈ ಉತ್ತರವನ್ನು ನಂಬಿಯೇ. ಆದರೆ ಈ ‘ಸರಿ’ಗೆ ಮೂರನೆಯ ಹಂತ ಮುಗಿಯಿತೆಂದು ಮಾತ್ರ ಅರ್ಥ. ಸರಕನ್ನು ಲಾರಿ ಕಚೇರಿಗೆ ಒಪ್ಪಿಸಿ ರಸೀದಿ ಪಡೆದಂತೆ ಇದು. ದೆಹಲಿಯಲ್ಲಿ ಸರಕು ಇಳಿಯಿತೆಂಬುದಕ್ಕೆ ಆ ರಸೀದಿ ಸಾಕ್ಷಿಯಾಗದು.

೨. ಕಳುಹಿಸಿದವರು ಯಾರು?

ನಮೂನೆಯ ಪತ್ರಗಳು ನಾಲ್ಕನೆಯ ಹಂತದಲ್ಲಿ ಬಿದ್ದುಹೋಗಲು ಮುಖ್ಯ ಕಾರಣವೊಂದಿದೆ. ಹಳೆಯ ಪದ್ಧತಿಯಲ್ಲಿ ಬರೆದ ಸ್ಕ್ರಿಪ್ಟ್‌ಗಳು ಗಿರಾಕಿಯು ತುಂಬಿದ ಇ-ಮೇಲ್ ವಿಳಾಸವನ್ನೇ ‘ಫ್ರಮ್’ ಎಂಬ ಕಳುಹಿಸಿದವರ ಅಂಕಣದಲ್ಲಿ ಹಾಕುತ್ತವೆ. ನಮಗೆ ಅನುಕೂಲವೆಂದು ತೋರುವ ಈ ಕ್ರಮವು ಸ್ವೀಕರಿಸುವ ಕಚೇರಿಯ ದೃಷ್ಟಿಯಲ್ಲಿ ವಂಚನೆಯಂತೆ ಕಾಣುತ್ತದೆ. ಪತ್ರದ ಮೇಲೆ ಯಾಹೂ ವಿಳಾಸವಿದೆ, ಅದು ಹೊರಟಿರುವುದು ಮಾತ್ರ ನಮ್ಮ ಸರ್ವರ್‌ನಿಂದ. ಒಬ್ಬ ವರ್ತಕನ ಹೆಸರಿನ ಬಿಲ್ಲನ್ನು ಇನ್ನೊಬ್ಬನ ಗುಮಾಸ್ತ ಬರೆದು ತಂದರೆ ನಾವಾದರೂ ಒಪ್ಪುತ್ತೇವೆಯೇ?

ಇ-ಮೇಲ್ ಸಾಗಾಟದ ಮೂಲ ನಿಯಮಗಳು 1982ರಲ್ಲಿ ರೂಪುಗೊಂಡಾಗ ಕಳುಹಿಸಿದವರ ಗುರುತನ್ನು ಪರೀಕ್ಷಿಸುವ ಏರ್ಪಾಡು ಅವುಗಳಲ್ಲಿ ಇರಲಿಲ್ಲ. ಅನಂತರ ಮೂರು ಪರೀಕ್ಷೆಗಳು ಸೇರಿಕೊಂಡವು. ಎಸ್.ಪಿ.ಎಫ್. ಎಂಬುದು ನಮ್ಮ ತಾಣದ ಹೆಸರಿನಲ್ಲಿ ಪತ್ರ ಕಳುಹಿಸಲು ಅಧಿಕಾರವುಳ್ಳ ಸರ್ವರ್‌ಗಳ ಪಟ್ಟಿ. ಡಿ.ಕೆ.ಐ.ಎಂ. ಎಂಬುದು ಪತ್ರದ ಮೇಲೆ ಒತ್ತುವ ವಿದ್ಯುನ್ಮಾನ ಮೊಹರು. ದಾರಿಯಲ್ಲಿ ಯಾರಾದರೂ ಪತ್ರವನ್ನು ತಿದ್ದಿದರೆ ಮೊಹರು ತಾಳೆಯಾಗದು. ಡಿಮಾರ್ಕ್ ಎಂಬುದು ಈ ಎರಡರಲ್ಲಿ ಒಂದೂ ಕಳುಹಿಸಿದವರ ಹೆಸರಿಗೆ ತಾಳೆಯಾಗದಿದ್ದರೆ ಪತ್ರವನ್ನು ಏನು ಮಾಡಬೇಕೆಂದು ಹೆಸರಿನ ಒಡೆಯರು ಪ್ರಕಟಿಸುವ ಸೂಚನೆ. ಈ ಮೂರನ್ನೂ ತಾಣದ ಹೆಸರಿನ ಡಿ.ಎನ್.ಎಸ್. ದಾಖಲೆಯಲ್ಲಿ ಬರೆದಿಡಬೇಕು.

2014ರ ಏಪ್ರಿಲ್‌ನಲ್ಲಿ ಯಾಹೂ ಸಂಸ್ಥೆಯು ತನ್ನ ವಿಳಾಸವನ್ನು ಹೊತ್ತು ಬೇರೆ ಸರ್ವರ್‌ಗಳಿಂದ ಹೊರಟ ಪತ್ರಗಳನ್ನು ತಿರಸ್ಕರಿಸುವಂತೆ ಸೂಚನೆ ಪ್ರಕಟಿಸಿತು. ಗಿರಾಕಿಯ ವಿಳಾಸವನ್ನು ‘ಫ್ರಮ್’ ಅಂಕಣದಲ್ಲಿ ಹಾಕುವ ಸ್ಕ್ರಿಪ್ಟ್‌ಗಳ ಮೂಲಕ ಯಾಹೂ ಗಿರಾಕಿಗಳು ಬರೆದ ಪತ್ರಗಳಿಗೆ ಅಂದಿನಿಂದ ಕುತ್ತು ಬಂದಿತು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮಗಳು ಇನ್ನೂ ಬಿಗಿಯಾದವು. ಪತ್ರ ಕಳುಹಿಸುವ ಪ್ರತಿಯೊಬ್ಬರೂ ಎಸ್.ಪಿ.ಎಫ್. ಅಥವಾ ಡಿ.ಕೆ.ಐ.ಎಂ. ಇವೆರಡರಲ್ಲಿ ಒಂದನ್ನಾದರೂ ಹೊಂದಿರಬೇಕೆಂಬುದು ಈಗಿನ ನಿಯಮ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಮೂರೂ ಕಡ್ಡಾಯ. ನಮ್ಮ ಪತ್ರಗಳ ಸಂಖ್ಯೆ ಅಷ್ಟಿಲ್ಲವಾದರೂ ಮೂರನ್ನೂ ಮಾಡಿಸಿಕೊಳ್ಳುವುದೇ ಕ್ಷೇಮ.

ಸರಿಯಾದ ಕ್ರಮ ಹೀಗಿದೆ. ‘ಫ್ರಮ್’ ಅಂಕಣದಲ್ಲಿ ಯಾವಾಗಲೂ ನಮ್ಮ ತಾಣದ ಹೆಸರಿನಲ್ಲಿರುವ ವಿಳಾಸವೇ ಇರಬೇಕು. ಗಿರಾಕಿಯ ವಿಳಾಸವನ್ನು ‘ರಿಪ್ಲೈ-ಟು’ ಎಂಬ ಉತ್ತರದ ಅಂಕಣದಲ್ಲಿ ಇಡಬೇಕು. ಆಗ ನಾವು ಉತ್ತರಿಸುವ ಗುಂಡಿಯನ್ನು ಒತ್ತಿದರೆ ಪತ್ರವು ನೇರವಾಗಿ ಗಿರಾಕಿಗೇ ಹೋಗುತ್ತದೆ. ಅನುಕೂಲವೂ ಉಳಿಯಿತು, ನಿಯಮವೂ ಪಾಲನೆಯಾಯಿತು.

ಇದರ ಜೊತೆಗೆ ಪತ್ರವನ್ನು ಬರಿಯ ‘ಮೇಲ್’ ಆಜ್ಞೆಗೆ ಬಿಡದೆ, ಹೆಸರು ಮತ್ತು ಗುಪ್ತಪದ ಕೊಟ್ಟು ಅಧಿಕೃತ ಮೇಲ್ ಸರ್ವರ್‌ಗೆ ಒಪ್ಪಿಸುವುದು ಉತ್ತಮ. ಈ ವಿಧಾನಕ್ಕೆ ಎಸ್.ಎಂ.ಟಿ.ಪಿ. ದೃಢೀಕರಣ ಎನ್ನುತ್ತಾರೆ, ಸಾಮಾನ್ಯವಾಗಿ 587 ಅಥವಾ 465ನೆಯ ಪೋರ್ಟ್‌ನ ಮೂಲಕ ಇದು ನಡೆಯುತ್ತದೆ. ಕಡಿಮೆ ಬಾಡಿಗೆಯ ಸರ್ವರ್‌ಗಳಲ್ಲಿ ಒಂದೇ ಯಂತ್ರವನ್ನು ಅನೇಕರು ಹಂಚಿಕೊಂಡಿರುತ್ತಾರೆ. ಅವರಲ್ಲೊಬ್ಬರು ಕಸದ ಪತ್ರ ಹಂಚಿದರೂ ಆ ಯಂತ್ರದಿಂದ ಹೊರಡುವ ಎಲ್ಲರ ಪತ್ರಗಳಿಗೂ ಕಳಂಕ ತಟ್ಟುತ್ತದೆ. ಅಧಿಕೃತ ಮೇಲ್ ಸರ್ವರ್ ಬಳಸಿದರೆ ಈ ತೊಂದರೆ ಬಹಳಷ್ಟು ಕಡಿಮೆ. ಗುಪ್ತಪದವನ್ನು ಮಾತ್ರ ಸಾರ್ವಜನಿಕರು ತೆರೆಯಬಲ್ಲ ಕಡತದಲ್ಲಿ ಬರೆದಿಡಬಾರದು.

೩. ಮೊದಲು ಪುಸ್ತಕ, ಆಮೇಲೆ ಪತ್ರ

ಇಷ್ಟೆಲ್ಲ ಮಾಡಿದರೂ ಇ-ಮೇಲ್ ಎಂಬುದು ಸಾಗಾಟದ ಸಾಧನವೇ ಹೊರತು ದಾಖಲೆಯಲ್ಲ. ಮಂಡಿಗೆ ಕೊಬ್ಬರಿ ಚೀಲ ಬಂದಾಗ ನಾವು ಏನು ಮಾಡುತ್ತೇವೆ? ಮೊದಲು ಆವಕ ಪುಸ್ತಕದಲ್ಲಿ ರೈತರ ಹೆಸರು, ಚೀಲದ ಸಂಖ್ಯೆ, ತೂಕಗಳನ್ನು ಬರೆಯುತ್ತೇವೆ. ಉಳಿದ ಕೆಲಸ ಆಮೇಲೆ. ನಮೂನೆಯ ವಿಚಾರದಲ್ಲಿಯೂ ಇದೇ ಕ್ರಮ ಸಲ್ಲುತ್ತದೆ.

ಸ್ಕ್ರಿಪ್ಟ್ ಮೊದಲು ಮಾಡಬೇಕಾದ ಕೆಲಸವೆಂದರೆ ವಿಚಾರಣೆಯನ್ನು ಸರ್ವರ್‌ನ ದತ್ತಸಂಚಯದಲ್ಲಿ ಕ್ರಮಸಂಖ್ಯೆ, ದಿನಾಂಕ, ವೇಳೆಗಳೊಡನೆ ದಾಖಲಿಸುವುದು. ದಾಖಲಾದ ಮೇಲೆ ಇ-ಮೇಲ್ ಕಳುಹಿಸಬೇಕು. ಕಳುಹಿಸಿದ ಫಲವನ್ನೂ ಅದೇ ಸಾಲಿನ ಮುಂದೆ ಬರೆಯಬೇಕು. ಧನ್ಯವಾದದ ಪುಟದಲ್ಲಿ ಆ ಕ್ರಮಸಂಖ್ಯೆಯನ್ನು ಗಿರಾಕಿಗೆ ತೋರಿಸಬೇಕು. ಆಗ ಮಾತ್ರ ‘ತಮ್ಮ ವಿಚಾರಣೆ ತಲುಪಿದೆ’ ಎಂಬ ವಾಕ್ಯ ನಿಜವಾಗುತ್ತದೆ, ಏಕೆಂದರೆ ಇ-ಮೇಲ್ ದಾರಿತಪ್ಪಿದರೂ ವಿಚಾರಣೆ ನಮ್ಮ ಪುಸ್ತಕದಲ್ಲಿ ಕುಳಿತಿರುತ್ತದೆ. ದಾಖಲೆಯೇ ವಿಫಲವಾದರೆ ಧನ್ಯವಾದ ಹೇಳದೆ, ದೂರವಾಣಿ ಸಂಖ್ಯೆಯನ್ನು ತೋರಿಸಿ ಕರೆ ಮಾಡುವಂತೆ ಕೋರುವುದು ಪ್ರಾಮಾಣಿಕ ಕ್ರಮ.

ವಾರಕ್ಕೊಮ್ಮೆಯಾದರೂ ಈ ಪುಸ್ತಕವನ್ನೂ ಇ-ಮೇಲ್ ಪೆಟ್ಟಿಗೆಯನ್ನೂ ತಾಳೆ ನೋಡಬೇಕು. ಪುಸ್ತಕದಲ್ಲಿ 12 ವಿಚಾರಣೆಗಳಿದ್ದು ಪೆಟ್ಟಿಗೆಯಲ್ಲಿ 9 ಮಾತ್ರ ಇದ್ದರೆ, ಉಳಿದ ಮೂವರು ಗಿರಾಕಿಗಳಿಗೆ ಅಂದೇ ಕರೆ ಮಾಡಬಹುದು, ದೋಷವನ್ನೂ ಹುಡುಕಬಹುದು.

೪. ದರ ಏರಿಳಿಯುವಾಗ ವೇಳೆಯ ಬೆಲೆ

ನಮ್ಮ ಸರಕಿನಲ್ಲಿ ವೇಳೆಯ ದಾಖಲೆ ಏಕೆ ಮುಖ್ಯವೆಂಬುದಕ್ಕೆ ಈಚಿನ ವರ್ಷಗಳೇ ಸಾಕ್ಷಿ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆ ದರವು ಅದಕ್ಕಿಂತ ಕೆಳಗೆ ಕುಸಿದಿತ್ತು. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ ಇದ್ದಾಗ ತಿಪಟೂರಿನ ಮಾರುಕಟ್ಟೆ ದರವು 25,000 ರೂಪಾಯಿಗಳನ್ನು ದಾಟಿತು. ಇಂಥ ಏರಿಳಿತದಲ್ಲಿ ಹರಾಜಿನ ಹಿಂದಿನ ದಿನ ಬಂದ ವಿಚಾರಣೆಗೆ ಹರಾಜಿನ ಮರುದಿನ ಉತ್ತರಿಸಿದರೆ ವ್ಯಾಪಾರವೇ ಬೇರೆಯಾಗಿರುತ್ತದೆ.

ಇಲ್ಲೊಂದು ಸಣ್ಣ ತಾಂತ್ರಿಕ ಅಂಶವನ್ನು ಗಮನಿಸಬೇಕು. ಪಿ.ಎಚ್.ಪಿ.ಗೆ ಬೇರೆ ಸೂಚನೆ ಕೊಡದಿದ್ದರೆ ಅದು ಅಂತಾರಾಷ್ಟ್ರೀಯ ಪ್ರಮಾಣ ಕಾಲವನ್ನೇ ಬಳಸುತ್ತದೆ. ಅದು ಭಾರತೀಯ ಕಾಲಮಾನಕ್ಕಿಂತ ಐದೂವರೆ ಗಂಟೆ ಹಿಂದೆ. ಸೋಮವಾರ ನಸುಕಿನ 4 ಗಂಟೆಗೆ ಹೊರದೇಶದ ಗಿರಾಕಿಯಿಂದ ಬಂದ ವಿಚಾರಣೆಯು ಭಾನುವಾರ ರಾತ್ರಿ 10.30ಕ್ಕೆ ಬಂದಂತೆ ದಾಖಲಾಗುತ್ತದೆ. ಸ್ಕ್ರಿಪ್ಟ್‌ನಲ್ಲಿ ಏಷ್ಯಾ-ಕೋಲ್ಕತಾ ಕಾಲವಲಯವನ್ನು ನಮೂದಿಸಿದರೆ ಈ ದೋಷ ಇರದು.

೫. ಕನ್ನಡದ ಅಕ್ಷರಗಳು

ಹಳ್ಳಿಯ ತೆಂಗು ಬೆಳೆಗಾರರೂ ಸ್ಥಳೀಯ ಗಿರಾಕಿಗಳೂ ಕನ್ನಡದಲ್ಲಿಯೇ ನಮೂನೆಯನ್ನು ತುಂಬಬಹುದು. ಅದು ನಮ್ಮನ್ನು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿಯೋ ಅರ್ಥವಿಲ್ಲದ ಗುರುತುಗಳಾಗಿಯೋ ತಲುಪಿದರೆ ಪ್ರಯೋಜನವಿಲ್ಲ. ಪುಟ, ದತ್ತಸಂಚಯ, ಇ-ಮೇಲ್ ಈ ಮೂರೂ ಯುನಿಕೋಡ್‌ನ ಯು.ಟಿ.ಎಫ್.-8 ಸಂಕೇತದಲ್ಲಿರಬೇಕು. ಇ-ಮೇಲ್‌ನ ವಿಷಯದ ಸಾಲು ಮೂಲತಃ ಇಂಗ್ಲಿಷ್ ಅಕ್ಷರಗಳಿಗಾಗಿ ರೂಪಿಸಿದ್ದಾದ್ದರಿಂದ, ಅಲ್ಲಿ ಕನ್ನಡ ಬರೆಯುವಾಗ ಅದನ್ನು ವಿಶೇಷ ಸಂಕೇತಕ್ಕೆ ಪರಿವರ್ತಿಸಬೇಕಾಗುತ್ತದೆ. ಪಿ.ಎಚ್.ಪಿ.ಮೇಲರ್‌ನಂಥ ಸಿದ್ಧ ತಂತ್ರಾಂಶವು ಅಕ್ಷರ ಸಂಕೇತ ಯು.ಟಿ.ಎಫ್.-8 ಎಂದು ನಮೂದಿಸಿದರೆ ಈ ಪರಿವರ್ತನೆಯನ್ನು ತಾನೇ ಮಾಡುತ್ತದೆ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಸರಕಿನ ಪಟ್ಟಿಗಳನ್ನೂ ಯುನಿಕೋಡ್‌ಗೆ ಬದಲಾಯಿಸಿಯೇ ತಾಣಕ್ಕೆ ಹಾಕಬೇಕು.

೬. ದುರುಪಯೋಗದ ತಡೆ

ತೆರೆದ ಬಾಗಿಲಿನಿಂದ ಗಿರಾಕಿಯೂ ಬರುತ್ತಾನೆ, ಕಳ್ಳನೂ ಬರುತ್ತಾನೆ. ಮ್ಯಾಟ್ ರೈಟ್ ಎಂಬುವರು 1995ರಲ್ಲಿ ಪ್ರಕಟಿಸಿದ ‘ಫಾರ್ಮ್‌ಮೇಲ್’ ಎಂಬ ಸ್ಕ್ರಿಪ್ಟ್ ಜಗತ್ತಿನಾದ್ಯಂತ ಬಳಕೆಯಾಯಿತು. ಪತ್ರ ಯಾರಿಗೆ ಹೋಗಬೇಕೆಂಬ ವಿಳಾಸವನ್ನು ಅದು ನಮೂನೆಯಲ್ಲಿಯೇ ಅಡಗಿಸಿ ಇಡುತ್ತಿತ್ತು. ಕಸದ ಪತ್ರ ಹಂಚುವವರು ಆ ವಿಳಾಸವನ್ನು ಬದಲಿಸಿ, ಅನ್ಯರ ಸರ್ವರ್‌ಗಳಿಂದ ತಮ್ಮ ಪತ್ರಗಳನ್ನು ಹಂಚಿದರು. ಇದರಿಂದ ಕಲಿಯಬೇಕಾದ ಪಾಠವೆಂದರೆ, ಸ್ವೀಕರಿಸುವವರ ವಿಳಾಸವು ಸರ್ವರ್‌ನ ಸ್ಕ್ರಿಪ್ಟ್‌ನೊಳಗೇ ಇರಬೇಕು, ನಮೂನೆಯಲ್ಲಿ ಇರಕೂಡದು.

ಎರಡನೆಯ ಅಪಾಯ ಹೆಚ್ಚು ಸೂಕ್ಷ್ಮವಾದುದು. ಇ-ಮೇಲ್‌ನ ತಲೆಬರಹದಲ್ಲಿ ಪ್ರತಿ ಸಾಲೂ ಒಂದೊಂದು ಆದೇಶ. ವಂಚಕನು ಹೆಸರಿನ ಅಂಕಣದಲ್ಲಿ ಹೊಸ ಸಾಲಿನ ಗುರುತನ್ನು ಸೇರಿಸಿ, ಅದರ ಕೆಳಗೆ ಗುಪ್ತ ಪ್ರತಿಗಳಿಗಾಗಿ ನೂರಾರು ವಿಳಾಸಗಳನ್ನು ಬರೆಯಬಲ್ಲ. ತಪಾಸಣೆ ಇಲ್ಲದ ಸ್ಕ್ರಿಪ್ಟ್ ಅವರೆಲ್ಲರಿಗೂ ನಮ್ಮ ಹೆಸರಿನಲ್ಲಿ ಪತ್ರ ಕಳುಹಿಸುತ್ತದೆ. ಫಲವಾಗಿ ನಮ್ಮ ಸರ್ವರ್ ಕಪ್ಪುಪಟ್ಟಿಗೆ ಸೇರಿ, ನಾವು ಕಳುಹಿಸುವ ಬಿಲ್ಲು ಮತ್ತು ದರಪಟ್ಟಿಗಳೂ ತಿರಸ್ಕೃತವಾಗುತ್ತವೆ. ಹೆಸರು, ವಿಷಯ, ಇ-ಮೇಲ್ ಅಂಕಣಗಳಲ್ಲಿ ಹೊಸ ಸಾಲು ಕಂಡರೆ ಅಂಥ ನಮೂನೆಯನ್ನು ನಿರಾಕರಿಸಬೇಕು.

ಸಿದ್ಧ ತಂತ್ರಾಂಶವನ್ನು ಬಳಸಿದರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಪಿ.ಎಚ್.ಪಿ.ಮೇಲರ್‌ನಲ್ಲಿ 2016ರ ಡಿಸೆಂಬರ್‌ನಲ್ಲಿ ಗಂಭೀರ ದೋಷವೊಂದು ಬೆಳಕಿಗೆ ಬಂದಿತು. ಕಳುಹಿಸಿದವರ ವಿಳಾಸದ ಮೂಲಕವೇ ಸರ್ವರ್‌ನಲ್ಲಿ ಅನ್ಯರು ಆಜ್ಞೆ ನಡೆಸಲು ಅದು ಅವಕಾಶ ಮಾಡಿಕೊಡುತ್ತಿತ್ತು. ದೋಷವನ್ನು ಸರಿಪಡಿಸಿದ ಆವೃತ್ತಿ ಕೂಡಲೇ ಬಂದರೂ ಅದನ್ನು ಹಾಕಿಕೊಂಡವರಿಗಷ್ಟೇ ರಕ್ಷಣೆ ದೊರೆಯಿತು. ತಾಣ ಮಾಡಿಸಿದ ಮೇಲೆ ವರ್ಷಕ್ಕೊಮ್ಮೆಯೂ ತಂತ್ರಾಂಶವನ್ನು ನವೀಕರಿಸದಿರುವುದು ಉಗ್ರಾಣದ ಬೀಗವನ್ನು ತುಕ್ಕು ಹಿಡಿಯಲು ಬಿಟ್ಟಂತೆ.

ಯಂತ್ರಗಳು ತುಂಬುವ ಹುಸಿ ನಮೂನೆಗಳನ್ನು ತಡೆಯಲು ಸರಳ ಉಪಾಯವೊಂದಿದೆ. ಮನುಷ್ಯರ ಕಣ್ಣಿಗೆ ಕಾಣದ ಒಂದು ಅಂಕಣವನ್ನು ನಮೂನೆಯಲ್ಲಿ ಇಟ್ಟು, ಅದು ತುಂಬಿ ಬಂದರೆ ಯಂತ್ರದ್ದೆಂದು ತಿಳಿದು ಕೈಬಿಡುವುದು. ಗಿರಾಕಿಗೆ ತಾನಾಗಿ ಹೋಗುವ ಸ್ವೀಕೃತಿ ಪತ್ರದಲ್ಲಿ ಅವನು ಬರೆದ ಒಕ್ಕಣೆಯನ್ನು ಮತ್ತೆ ಸೇರಿಸದಿರುವುದೂ ಒಳಿತು. ಇಲ್ಲವಾದರೆ ಅನ್ಯರ ವಿಳಾಸ ತುಂಬಿ, ನಮ್ಮ ಹೆಸರಿನಲ್ಲಿ ಅವರಿಗೆ ಏನನ್ನಾದರೂ ಕಳುಹಿಸಲು ಸಾಧ್ಯ.

೭. ನಮೂನೆಯಲ್ಲಿ ಏನು ಕೇಳಬೇಕು?

ಉದ್ದನೆಯ ನಮೂನೆಯನ್ನು ಗಿರಾಕಿ ಅರ್ಧಕ್ಕೇ ಬಿಡುತ್ತಾನೆ. ಹೆಸರು, ಊರು, ದೂರವಾಣಿ, ಇ-ಮೇಲ್, ಸರಕು, ಪ್ರಮಾಣ ಇಷ್ಟು ಸಾಕು. ಸರಕನ್ನು ಬರೆಯಲು ಬಿಡದೆ ಪಟ್ಟಿಯಿಂದ ಆರಿಸಲು ಬಿಡಬೇಕು: ಉಂಡೆ ಕೊಬ್ಬರಿ, ಹೋಳು ಕೊಬ್ಬರಿ, ತೆಂಗಿನ ಪುಡಿ, ನಾರು, ಹಗ್ಗ, ನಾರಿನ ಪುಡಿ, ಚಿಪ್ಪು ಎಂದು. ಪ್ರಮಾಣದ ಮುಂದೆ ಕ್ವಿಂಟಾಲ್, ಟನ್, ಚೀಲ ಎಂಬ ಅಳತೆಯನ್ನು ಆರಿಸುವಂತಿರಬೇಕು. ‘50 ಬೇಕು’ ಎಂದಷ್ಟೇ ಬಂದ ಪತ್ರದಿಂದ ಏನನ್ನೂ ಲೆಕ್ಕ ಹಾಕಲಾಗದು.

ಗಿರಾಕಿಯ ವೈಯಕ್ತಿಕ ವಿವರಗಳನ್ನು ಕೇಳುವಾಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ನೆನಪಿಡಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತಿವೆ. ವಿವರಗಳನ್ನು ಯಾವ ಉದ್ದೇಶಕ್ಕೆ ಪಡೆಯುತ್ತೇವೆಂದು ಪುಟದಲ್ಲಿ ತಿಳಿಸಿ, ಆ ಉದ್ದೇಶಕ್ಕೆ ಮಾತ್ರ ಬಳಸುವುದು ನ್ಯಾಯ.

ಮತ್ತೊಂದು ಎಚ್ಚರಿಕೆ: ನಮೂನೆ ತುಂಬಿ ಬಂದ ಹೆಸರು ಗುರುತಿನ ಸಾಕ್ಷಿಯಲ್ಲ. ದೊಡ್ಡ ಪ್ರಮಾಣದ ಬೇಡಿಕೆ ಬಂದರೆ ದೂರವಾಣಿಯಲ್ಲಿ ಮಾತನಾಡಿ, ಜಿ.ಎಸ್.ಟಿ. ಸಂಖ್ಯೆಯನ್ನು ಸರ್ಕಾರದ ತಾಣದಲ್ಲಿ ಪರಿಶೀಲಿಸಿದ ಬಳಿಕವೇ ಸರಕು ಹೊರಡಿಸತಕ್ಕದ್ದು.

೮. ತಾಣ ನಿರ್ಮಿಸುವವರಿಗೆ ಕೇಳಬೇಕಾದ ಪ್ರಶ್ನೆಗಳು

ಕೊನೆಯ ಕಂತಿನ ಹಣ ಕೊಡುವ ಮುನ್ನ ಮಾಲೀಕರು ಈ ಪ್ರಶ್ನೆಗಳಿಗೆ ಉತ್ತರ ಪಡೆಯುವುದು ಸೂಕ್ತ.

1. ವಿಚಾರಣೆಯು ಇ-ಮೇಲ್‌ಗೆ ಮೊದಲು ದತ್ತಸಂಚಯದಲ್ಲಿ ದಾಖಲಾಗುತ್ತದೆಯೇ? ಅದನ್ನು ನಾವೇ ತೆರೆದು ನೋಡಬಹುದೇ?
2. ‘ಫ್ರಮ್’ ಅಂಕಣದಲ್ಲಿ ನಮ್ಮ ತಾಣದ ವಿಳಾಸ, ‘ರಿಪ್ಲೈ-ಟು’ ಅಂಕಣದಲ್ಲಿ ಗಿರಾಕಿಯ ವಿಳಾಸ ಇವೆಯೇ?
3. ಎಸ್.ಪಿ.ಎಫ್., ಡಿ.ಕೆ.ಐ.ಎಂ., ಡಿಮಾರ್ಕ್ ಮೂರೂ ಸಿದ್ಧವಾಗಿವೆಯೇ? ಜಿಮೇಲ್‌ನಲ್ಲಿ ಪತ್ರದ ಮೂಲರೂಪವನ್ನು ತೆರೆದರೆ ಮೂರರ ಮುಂದೆಯೂ ‘ಪಾಸ್’ ಎಂದು ಕಾಣಬೇಕು.
4. ಕನ್ನಡದಲ್ಲಿ ತುಂಬಿದ ನಮೂನೆ ಕನ್ನಡದಲ್ಲಿಯೇ ತಲುಪುತ್ತದೆಯೇ? ವೇಳೆ ಸರಿಯಾಗಿದೆಯೇ?
5. ಪತ್ರವು ಸಂಸ್ಥೆಯ ವಿಳಾಸಕ್ಕೆ ಬರುತ್ತದೆಯೇ, ನಾಳೆ ಕೆಲಸ ಬಿಡಬಹುದಾದ ಗುಮಾಸ್ತರೊಬ್ಬರ ಸ್ವಂತ ವಿಳಾಸಕ್ಕೆ ಬರುತ್ತದೆಯೇ?
6. ತಾಣದ ಹೆಸರು ಮತ್ತು ಸರ್ವರ್‌ನ ಬಾಡಿಗೆ ನಮ್ಮ ಹೆಸರಿನಲ್ಲಿಯೇ ನೋಂದಣಿಯಾಗಿವೆಯೇ? ನವೀಕರಣದ ದಿನಾಂಕ ಯಾವುದು?

ಈ ಉತ್ತರಗಳು ದೊರೆತ ಮೇಲೂ ತಿಂಗಳಿಗೊಮ್ಮೆ ಮಾಲೀಕರು ತಾವೇ ಗಿರಾಕಿಯಂತೆ ಬೇರೊಂದು ಮೊಬೈಲಿನಿಂದ ನಮೂನೆ ತುಂಬಿ ನೋಡಬೇಕು. ತಕ್ಕಡಿಯನ್ನು ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಹಾಕಿಸುವ ನಮಗೆ ಇದು ಹೊಸ ಶಿಸ್ತೇನಲ್ಲ. ಪರೀಕ್ಷೆಗೆ ಬೇಕಾಗುವುದು ಐದು ನಿಮಿಷ. ಪತ್ರ ಬಾರದಿದ್ದರೆ ಅದೇ ದಿನ ಸರಿಪಡಿಸಿಕೊಳ್ಳಬಹುದು. ಬಂದರೆ, ದೂರದೂರಿನ ಗಿರಾಕಿ ತಟ್ಟಿದ ಬಾಗಿಲು ನಮಗೆ ಕೇಳಿಸುತ್ತಿದೆಯೆಂಬ ಭರವಸೆಯಾದರೂ ಇರುತ್ತದೆ.